ಏಳು ಕಣ್ಣಿನ ಕ್ಯಾಮೆರಾ: ಐದು ತಿಂಗಳ ಬೆಂಚ್ ಡೈರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಭಾನುವಾರ ಶಟರ್ ಅರ್ಧ ಎಳೆದು ಒಳಗೆ ಕೂತು ಮಾಡಿದ ಕೆಲಸ ಇದು. 2024ರ ಜೂನ್‌ನಲ್ಲಿ ಶುರು ಮಾಡಿದೆ, ನವೆಂಬರ್ ಮೊದಲ ವಾರಕ್ಕೆ ಒಂದು ಹಂತಕ್ಕೆ ಬಂತು. ಒಂದು ಸೆನ್ಸರ್ (ಬೆಳಕನ್ನು ಚಿತ್ರವಾಗಿ ಹಿಡಿಯುವ ಚಿಪ್), ಅದರ ಮೇಲೆ ಏಳು ಪುಟ್ಟ ಲೆನ್ಸ್, ಕೀಟದ ಕಣ್ಣಿನ ಹಾಗೆ. ಒಂದೇ ಕ್ಲಿಕ್ಕಿಗೆ ಏಳು ಚಿತ್ರ ಬರುತ್ತದೆ. ಏಳೂ ಸ್ವಲ್ಪ ಸ್ವಲ್ಪ ಬೇರೆ ಜಾಗದಿಂದ ನೋಡಿದವು. ಆ ವ್ಯತ್ಯಾಸ ಅಳೆದರೆ ವಸ್ತು ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುತ್ತದೆ.

ಇದರ ಹುಚ್ಚು ಹಿಡಿಸಿದ್ದು ಅಂಗಡಿಯ ಬೋರ್ಡಿನ ಹಿಂದೆ ಗೂಡು ಕಟ್ಟಿದ್ದ ಕಣಜ. ಸತ್ತು ಬಿದ್ದ ಒಂದನ್ನು ಸುಮ್ನೆ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ದಿನವೂ ಐಸಿ ಕಾಲು ನೋಡುವ ಅದೇ ಮೈಕ್ರೋಸ್ಕೋಪ್. ಕಣ್ಣಿನ ತುಂಬ ಆರು ಮೂಲೆಯ ಸಣ್ಣ ಸಣ್ಣ ಕಣ್ಣು, ಜೇನು ಎರಿಯ ಹಾಗೆ ಒತ್ತೊತ್ತಾಗಿ. ಅವತ್ತು ರಾತ್ರಿ ಓದುತ್ತಾ ಹೋದಾಗ ಇನ್ನೊಂದು ಕೀಟದ ವಿಷಯ ಸಿಕ್ಕಿತು. ಜೆನೋಸ್ ಪೆಕಿ ಎಂದು ಹೆಸರು, ಅಮೆರಿಕದ ಕಣಜಗಳ ಮೈಯೊಳಗೆ ಬೆಳೆಯುವ ಪರಾವಲಂಬಿ. ಇದರ ಗಂಡಿನ ಒಂದೊಂದು ಕಣ್ಣಿನಲ್ಲಿ ಸುಮಾರು 50 ಲೆನ್ಸ್ ಮಾತ್ರ. ನೊಣಕ್ಕೆ ಸಾವಿರಗಟ್ಟಲೆ ಇರುತ್ತದೆ. ಆದರೆ ನೊಣದ ಒಂದು ಲೆನ್ಸ್ ಒಂದು ಚುಕ್ಕಿಯಷ್ಟೇ ನೋಡುತ್ತದೆ, ಇದರ ಒಂದೊಂದು ಲೆನ್ಸಿನ ಹಿಂದೆಯೂ ಪ್ರತ್ಯೇಕ ರೆಟಿನಾ ಉಂಟು, ಒಂದೊಂದೂ ಒಂದು ಪುಟ್ಟ ಚಿತ್ರ ಹಿಡಿಯುತ್ತದೆ. ಕೊರಿಯದ ಕೈಸ್ಟ್ ಸಂಸ್ಥೆಯವರು ಈ ಕಣ್ಣನ್ನೇ ಮಾದರಿ ಮಾಡಿಕೊಂಡು ತೆಳು ಕ್ಯಾಮೆರಾ ಮಾಡಿದ್ದಾರೆ. ಅದಕ್ಕೂ ಮೊದಲು, 2001ರಲ್ಲಿ, ಜಪಾನಿನ ಒಸಾಕದವರು ಟೋಂಬೋ ಎಂಬ ಕ್ಯಾಮೆರಾ ತೋರಿಸಿದ್ದರು. ಟೋಂಬೋ ಎಂದರೆ ಅವರ ಭಾಷೆಯಲ್ಲಿ ಏರೋಪ್ಲೇನ್ ಚಿಟ್ಟೆ.

ಟೋಂಬೋದ ರಚನೆ ತೋರಿಸುವ ಚಿತ್ರದಲ್ಲಿ ಮೂರು ಪದರ ಇದೆ: ಮೇಲೆ ಲೆನ್ಸ್, ಕೆಳಗೆ ಸೆನ್ಸರ್, ನಡುವೆ ಒಂದೊಂದು ಲೆನ್ಸನ್ನೂ ಬೇರೆ ಮಾಡುವ ಗೋಡೆ. ಲೆನ್ಸ್ ಮಾಡುವುದೇ ಕಷ್ಟದ ಕೆಲಸ, ಗೋಡೆ ಆಮೇಲೆ ನೋಡಿಕೊಳ್ಳೋಣ ಎಂದು ಡೈರಿಯಲ್ಲಿ ಬರೆದಿಟ್ಟೆ. ಈ ಐದು ತಿಂಗಳಲ್ಲಿ ಮಾಡಿದ ಎಲ್ಲಕ್ಕಿಂತ ದೊಡ್ಡ ತಪ್ಪು ಆ ಒಂದು ಸಾಲು.

ಜೂನ್ 9. ಪೆನ್ನಿನ ಗುಂಡು

ಯೋಚನೆ ಹೀಗಿತ್ತು. ನುಣುಪಾದ ಗುಂಡುಗಳನ್ನು ಒತ್ತೊತ್ತಾಗಿ ಜೋಡಿಸಬೇಕು, ಮೇಲಿನಿಂದ ಸಿಲಿಕೋನ್ ಅಚ್ಚು ತೆಗೆಯಬೇಕು, ಆ ಅಚ್ಚಿಗೆ ಪಾರದರ್ಶಕ ಗಮ್ ಸುರಿದು ಯುವಿ (ನೇರಳಾತೀತ) ಲ್ಯಾಂಪಿನಲ್ಲಿ ಗಟ್ಟಿ ಮಾಡಬೇಕು. ಗುಂಡಿನ ನೆತ್ತಿಯ ಆಕಾರದಲ್ಲೇ ಲೆನ್ಸ್ ಬರುತ್ತದೆ. ಡಿಸ್‌ಪ್ಲೇ ಅಂಟಿಸುವ ಲೋಕಾ ಗಮ್ಮೂ ಯುವಿ ಲ್ಯಾಂಪೂ ಅಂಗಡಿಯಲ್ಲಿ ಇದ್ದೇ ಇವೆ.

ಗುಂಡಿಗೆ ಬಾಲ್ ಪೆನ್ ನೆನಪಾಯಿತು. 1.0 ಎಂದು ಬರೆದ ಪೆನ್ನಿನ ತುದಿಯಲ್ಲಿರುವುದು 1 ಮಿಮೀ ಗುಂಡು. ಹತ್ತು ರೂಪಾಯಿಯ ಎಂಟು ಪೆನ್ ತಂದು, ತುದಿಯನ್ನು ಕಟ್ಟರಿನಲ್ಲಿ ಒಡೆದು ಗುಂಡು ತೆಗೆದೆ. ಎರಡು ಹಾರಿಹೋದವು, ಆರು ಸಿಕ್ಕವು. ಐಪಿಎ ಎಂಬ ತೊಳೆಯುವ ಸ್ಪಿರಿಟ್ಟಿನಲ್ಲಿ ಮೂರು ಸಲ ತೊಳೆದರೂ ಶಾಯಿ ಬಿಡಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆ ಕಾರಣ ತಿಳಿಯಿತು. ಶಾಯಿ ಹಿಡಿದುಕೊಳ್ಳಲೆಂದೇ ಆ ಗುಂಡಿನ ಮೈ ತುಸು ಒರಟಾಗಿರುತ್ತದೆ. ಬರೆಯಲು ಒಳ್ಳೆಯದು, ಲೆನ್ಸಿಗೆ ಆಗದು. ಆದರೂ ಒಂದು ಅಚ್ಚು ತೆಗೆದು ನೋಡಿದೆ. ಮಂಜು ಹಿಡಿದ ಗಾಜಿನ ಹಾಗೆ ಬಂತು. 80 ರೂಪಾಯಿ, ಒಂದು ಭಾನುವಾರ.

ಜೂನ್ 30. ಜೇನುಮೇಣ, ಬೇರಿಂಗ್ ಗುಂಡು

1 ಮಿಮೀ ಬೇರಿಂಗ್ ಗುಂಡು ಆನ್‌ಲೈನಿನಲ್ಲಿ ತರಿಸಿದೆ, 100ಕ್ಕೆ 160 ರೂ. ಇವು ಕನ್ನಡಿ ಹಾಗೆ ಹೊಳೆಯುತ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗುಂಡುಗಳನ್ನು ಬರಿದೇ ಜೋಡಿಸಿ ಸಿಲಿಕೋನ್ ಸುರಿದರೆ ಅದು ಸಂದಿಗಳಲ್ಲಿ ಕೆಳಗಿಳಿದು ಮುಳ್ಳಿನ ಹಾಗೆ ಗಟ್ಟಿಯಾಗುತ್ತದೆ, ಬಿಡಿಸುವಾಗ ಹರಿಯುತ್ತದೆ. ನೆತ್ತಿ ಮಾತ್ರ ಹೊರಗೆ ಕಾಣುವಂತೆ ಗುಂಡನ್ನು ಯಾವುದರಲ್ಲಾದರೂ ಹುಗಿಯಬೇಕು. ಕ್ಯಾಂಡಲ್ ಮೇಣ ಒಡೆಯಿತು, ಆಟದ ಕ್ಲೇ ಗುಂಡಿಗೆ ಎಣ್ಣೆ ಮೆತ್ತಿತು. ಮನೆಯ ತೊಡುವೆ ಜೇನಿನ ಪೆಟ್ಟಿಗೆಯ ಹಳೆ ಎರಿ ಕರಗಿಸಿ ಸೋಸಿದ ಮೇಣ ಸರಿ ಹೊಂದಿತು. ಹಾಟ್ ಏರಿನಲ್ಲಿ (ಬಿಸಿ ಗಾಳಿ ಊದುವ ಸಾಧನ) ಸ್ವಲ್ಪ ಬೆಚ್ಚಗೆ ಮಾಡಿದರೆ ಬೆಣ್ಣೆಯಾಗುತ್ತದೆ, ಆರಿದರೆ ಗುಂಡನ್ನು ಅಲುಗಾಡಲು ಬಿಡುವುದಿಲ್ಲ. ಟ್ವೀಜರಿನಲ್ಲಿ ಒಂದೊಂದೇ ಇಟ್ಟು, ಮೇಲಿನಿಂದ ಗಾಜಿನ ಚೂರು ಒತ್ತಿ ಎಲ್ಲದರ ನೆತ್ತಿಯನ್ನೂ ಒಂದೇ ಮಟ್ಟಕ್ಕೆ ತಂದೆ. ಸುಮಾರು 0.2 ಮಿಮೀ ಮಾತ್ರ ಮೇಣದಿಂದ ಹೊರಗೆ.

ಸಿಲಿಕೋನನ್ನು ಒಂದೇ ಸಲ ಸುರಿಯಬೇಡಿ. ನನ್ನ ಮೊದಲ ಅಚ್ಚಿನಲ್ಲಿ ಗಾಳಿಗುಳ್ಳೆಗಳು ಸರಿಯಾಗಿ ಗುಂಡಿನ ನೆತ್ತಿಯ ಮೇಲೇ ಕೂತಿದ್ದವು. ಎರಡನೆಯದಕ್ಕೆ ಸಣ್ಣ ಬ್ರಷ್ಷಿನಲ್ಲಿ ತೆಳುವಾಗಿ ಒಂದು ಪದರ ಬಳಿದು, ಹತ್ತು ನಿಮಿಷ ಬಿಟ್ಟು, ಆಮೇಲೆ ಉಳಿದದ್ದು ಸುರಿದೆ. ಅದು ಸರಿಯಾಯಿತು.

ಗಮ್ ಮಾತ್ರ ಕೈಕೊಟ್ಟಿತು. ಲೋಕಾ ಗಮ್ ಗಟ್ಟಿಯಾದ ಮೇಲೂ ರಬ್ಬರಿನಂತೆ ಮೆತ್ತಗೇ ಇರುತ್ತದೆ. ಅದು ಅದರ ಗುಣ, ಡಿಸ್‌ಪ್ಲೇಗೆ ಬೇಕಾದದ್ದೂ ಅದೇ. ಲೆನ್ಸಿಗೆ ಧೂಳು ಅಂಟಿತು, ಬ್ರಷ್ ತಾಗಿದರೆ ಆಕಾರ ಕೆಟ್ಟಿತು.

ಜುಲೈ 14. ನೀರಿನ ಕೆಳಗೆ

ಕಿವಿಯೋಲೆ, ಕೀಚೈನ್ ಮಾಡುವವರು ಬಳಸುವ ಗಟ್ಟಿ ಯುವಿ ರೆಸಿನ್ ತಂದೆ, 350 ರೂ. ಅಚ್ಚಿಗೆ ಒಂದು ಹನಿ, ಮೇಲೆ ಕವರ್ ಸ್ಲಿಪ್ (ಮೈಕ್ರೋಸ್ಕೋಪ್ ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು), ಲ್ಯಾಂಪಿನ ಕೆಳಗೆ ಮೂರು ನಿಮಿಷ. ದಪ್ಪ ಸ್ಲೈಡ್ ಬೇಡ, ಕವರ್ ಸ್ಲಿಪ್ ಸಾಕು. ಅದು 0.17 ಮಿಮೀ, ಇಲ್ಲಿ ಒಂದೊಂದು ದಶಾಂಶವೂ ಮುಖ್ಯ.

ಬಿಡಿಸಿ ನೋಡಿದರೆ ಲೆನ್ಸಿನ ಮೈ ಅಂಟಂಟು. ಲ್ಯಾಂಪ್ ಸಾಲದೇ ಹೋಯಿತೇನೋ ಎಂದು ಹತ್ತು ನಿಮಿಷ ಇಟ್ಟೆ, ಆಗಲೂ ಅಂಟು. ಗಾಳಿಯ ಆಮ್ಲಜನಕ ತಾಗಿದರೆ ಈ ಜಾತಿಯ ರೆಸಿನ್ ಮೇಲ್ಮೈಯಲ್ಲಿ ಗಟ್ಟಿಯಾಗುವುದಿಲ್ಲ, ಸಿಲಿಕೋನ್ ತನ್ನ ಮೂಲಕ ಆಮ್ಲಜನಕವನ್ನು ಹಾದುಹೋಗಲು ಬಿಡುತ್ತದೆ. ಪರಿಹಾರ ಸುಲಭ. ಅಚ್ಚಿನಿಂದ ಬಿಡಿಸಿದ ಕೂಡಲೇ ಐಪಿಎಯಲ್ಲಿ ಒಮ್ಮೆ ಅದ್ದಿ ತೆಗೆದು, ಗಾಜಿನ ಬಟ್ಟಲಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಐದು ನಿಮಿಷ ಯುವಿ ಕೊಟ್ಟೆ. ನೀರು ಗಾಳಿಯನ್ನು ದೂರ ಇಟ್ಟಿತು. ಒರಸಿದಾಗ ಮೈ ಗಾಜಿನಂತೆ ಒಣಗಿತ್ತು. ಅದನ್ನು ಹಿಡಿದು ಟ್ಯೂಬ್‌ಲೈಟ್ ಕಡೆ ತಿರುಗಿಸಿದರೆ, ಬಿಳಿ ಕಾಗದದ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಟ್ಯೂಬ್‌ಲೈಟುಗಳ ಸಾಲು ಬಿತ್ತು. ಅವತ್ತು ಮನೆಗೆ ಹೋಗುವಾಗ ಅದನ್ನು ಶರ್ಟಿನ ಜೇಬಿನಲ್ಲಿ ಹತ್ತಿಯಲ್ಲಿ ಸುತ್ತಿ ಒಯ್ದೆ. ಎಲ್ಲರಿಗೂ ತೋರಿಸಿದೆ.

ಜುಲೈ 28. ಸೆನ್ಸರ್ ಮೇಲೆ

ಬೋರ್ಡ್ ಯುಎಸ್‌ಬಿಯದ್ದು, 8 ಮೆಗಾಪಿಕ್ಸೆಲ್, 2,850 ರೂ. ಚಿತ್ರ 3264×2448, ಒಂದು ಪಿಕ್ಸೆಲ್ 1.4 ಮೈಕ್ರಾನ್. ಅಂದರೆ ಸೆನ್ಸರ್ ಅಗಲ 4.57 ಮಿಮೀ, ಎತ್ತರ 3.43 ಮಿಮೀ. ಇದನ್ನೇ ಆರಿಸಿದ್ದು ಲೆನ್ಸ್ ಎಂ12 ಸ್ಕ್ರೂ ಆದ್ದರಿಂದ. ಕೈಯಲ್ಲಿ ತಿರುಗಿಸಿ ಬಿಚ್ಚಬಹುದು. ಎಂ12 ಸ್ಕ್ರೂವಿನ ಸುರುಳಿ ಗೆರೆಗಳ ಅಂತರ 0.5 ಮಿಮೀ, ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಇಳಿಯುತ್ತದೆ, ಹತ್ತನೇ ಒಂದು ಸುತ್ತಿಗೆ 0.05. ಕೆಟ್ಟ ಸಿಸಿ ಕ್ಯಾಮೆರಾದ ಲೆನ್ಸಿನಿಂದ ಗಾಜು ಬಿಡಿಸಿ, ಖಾಲಿ ಕೊಳವೆಯ ತುದಿಗೆ ನನ್ನ ಕವರ್ ಸ್ಲಿಪ್ ಅಂಟಿಸಿದೆ. ಫೋಕಸ್ ಮಾಡಲು ಬೇರೆ ಏನೂ ಬೇಡ.

ತಿರುಗಿಸುತ್ತಾ ಹೋದೆ. ಸ್ಕ್ರೀನಿನಲ್ಲಿ ದುಂಡು ಬೆಳಕಿನ ಮಚ್ಚೆಗಳು ಸಣ್ಣದಾಗುತ್ತಾ ಬಂದವು, ಇನ್ನೇನು ಚುಕ್ಕಿಯಾಗಬೇಕು ಎನ್ನುವಾಗ ಕವರ್ ಸ್ಲಿಪ್ ಸೆನ್ಸರಿನ ಗಾಜಿಗೆ ತಾಗಿ ಟಿಕ್ ಎಂದಿತು. ಇನ್ನು ಕೆಳಗೆ ಜಾಗ ಇಲ್ಲ. ಫೋಕಸ್ ಬರಲೇ ಇಲ್ಲ.

ಆಗಸ್ಟ್ 4. ಬೋರ್ಡ್ ಸತ್ತಿತು

ಸೆನ್ಸರಿನ ಗಾಜು ತೆಗೆದರೆ ಜಾಗ ಸಿಗುತ್ತದಲ್ಲ ಎಂದುಕೊಂಡೆ. ದಿನಾ ಡಿಸ್‌ಪ್ಲೇ ಗಾಜು ಬಿಡಿಸುವ ಕೈ. ಹಾಟ್ ಏರ್ ಕೊಟ್ಟು, ಅಂಚಿಗೆ ತೆಳು ಬ್ಲೇಡ್ ಹಾಕಿ ಎತ್ತಿದೆ. ಗಾಜು ಬಂತು. ಅದರ ಜೊತೆಗೆ ಚಿಪ್ಪಿನ ಒಂದು ಬದಿಯ ಬಂಗಾರದ ತಂತಿಗಳೂ ಬಂದವು. ಕೂದಲಿಗಿಂತ ಸಪೂರ, ಮೈಕ್ರೋಸ್ಕೋಪಿನಲ್ಲಿ ಸಾಲಾಗಿ ತುಂಡಾಗಿ ನಿಂತಿದ್ದು ಕಾಣುತ್ತಿತ್ತು. ಅದನ್ನು ಜೋಡಿಸುವ ಸಾಧನ ನನ್ನಲ್ಲಿ ಇಲ್ಲ. 2,850 ರೂ. ಹೋಯಿತು. ಈ ಕೆಲಸ ಮಾಡುವವರಿಗೆ ಒಂದೇ ಮಾತು: ಸೆನ್ಸರ್ ಗಾಜಿಗೆ ಕೈ ಹಾಕಬೇಡಿ.

ಆಗಸ್ಟ್ 11. ಮೊದಲೇ ಅಳೆಯಬೇಕಿತ್ತು

ಹೊಸ ಬೋರ್ಡ್ ಬಂದ ಮೇಲೆ ಜೂನ್‌ನಲ್ಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೈಕ್ರೋಸ್ಕೋಪಿನ ಕಂಬಕ್ಕೆ ಡಿಜಿಟಲ್ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಕಟ್ಟಿ, ಜಾಸ್ತಿ ಜೂಮಿನಲ್ಲಿ ಮೊದಲು ಗಾಜಿನ ಮೇಲಿನ ಧೂಳಿಗೆ ಫೋಕಸ್ ಮಾಡಿದೆ, ಆಮೇಲೆ ಕೆಳಗಿನ ಚಿಪ್ಪಿನ ಮೈಗೆ. ಮೂರು ಸಲದ ವ್ಯತ್ಯಾಸ 0.9, 1.0, 0.9 ಮಿಮೀ. ಬಾವಿಯ ತಳ ಮೇಲೆ ಬಂದಂತೆ ಕಾಣುತ್ತದಲ್ಲ, ಹಾಗೇ ಇದು ಕಣ್ಣಿಗೆ ಕಾಣುವ ಆಳ, ನಿಜವಾದದ್ದು ಇನ್ನೂ ಜಾಸ್ತಿ. ಆದರೆ ಲೆನ್ಸಿನ ಲೆಕ್ಕಕ್ಕೆ ಬೇಕಾದದ್ದು ಈ ಕಾಣುವ ಆಳವೇ.

ಒಂದು ಬದಿ ಚಪ್ಪಟೆ ಇರುವ ಈ ಲೆನ್ಸಿನ ಫೋಕಸ್ ದೂರ ಹೆಚ್ಚುಕಡಿಮೆ ಗುಂಡಿನ ವ್ಯಾಸದಷ್ಟೇ ಇರುತ್ತದೆ. 1 ಮಿಮೀ ಗುಂಡಿಗೆ 1 ಮಿಮೀ. ಅದರಲ್ಲಿ ರೆಸಿನ್ ಮತ್ತು ಕವರ್ ಸ್ಲಿಪ್ ಸುಮಾರು 0.3 ತಿಂದರೆ ಉಳಿಯುವುದು 0.7. ಬೇಕಾದದ್ದು 0.93. ಒಂದು ಕಾಗದದ ಮೇಲೆ ಮೂರು ಸಾಲಿನ ಲೆಕ್ಕ. ಅದನ್ನು ಮಾಡದೆ ಎರಡು ತಿಂಗಳು ಅಚ್ಚು ತೆಗೆದೆ, ಒಂದು ಬೋರ್ಡ್ ಕಳೆದೆ.

1.5 ಮಿಮೀ ಗುಂಡಿಗಾದರೆ ಉಳಿಯುವುದು 1.2. ಗಾಜಿನ ಮೇಲೆ ಕಾಲು ಮಿಲಿಮೀಟರ್ ಜಾಗವೂ ಸಿಗುತ್ತದೆ. ಆದರೆ ಲೆನ್ಸ್ ದೊಡ್ಡದಾದರೆ ಸಂಖ್ಯೆ ಕಮ್ಮಿ. 1 ಮಿಮೀಯಲ್ಲಿ ಹನ್ನೊಂದು ಕೂರುತ್ತಿತ್ತು, ಈಗ ಏಳು: ಎರಡು, ಮೂರು, ಎರಡು. ಮೇಲಿನ ಎರಡು, ಕೆಳಗಿನ ಎರಡು ಕಣ್ಣುಗಳ ಚಿತ್ರ ಸೆನ್ಸರಿನ ಅಂಚಿನಲ್ಲಿ ಸ್ವಲ್ಪ ಕತ್ತರಿಸಿಹೋಗುತ್ತದೆ. ಒಪ್ಪಿಕೊಂಡೆ.

ಆಗಸ್ಟ್ 25. ಚಿತ್ರ ಬಂತು, ಆದರೆ

1.5 ಮಿಮೀ ಗುಂಡು, 180 ರೂ. ಕೈಗೆ ಅಭ್ಯಾಸ ಆಗಿತ್ತು, ಅಚ್ಚು ಮೊದಲ ಸಲಕ್ಕೇ ಸರಿ ಬಂತು. ಕೊಳವೆ ತಿರುಗಿಸಿದೆ. ಏಳು ದುಂಡು ಚಿತ್ರ, ಏಳರಲ್ಲೂ ಬೆಂಚಿನ ಮೇಲಿಟ್ಟ ಸ್ಕ್ರೂಡ್ರೈವರ್.

ಆ ಸಂತೋಷ ಐದು ನಿಮಿಷ ಇತ್ತು. ನೋಡುತ್ತಾ ಹೋದರೆ ಪ್ರತಿ ಚಿತ್ರದ ಮೇಲೂ ಇನ್ನೊಂದು ಮಸುಕು ಚಿತ್ರ. ಎಡದ ಕಣ್ಣಿಗೆ ಓರೆಯಾಗಿ ಬಂದ ಬೆಳಕು ನಡುವಿನ ಕಣ್ಣಿನ ಜಾಗಕ್ಕೆ ಬೀಳುತ್ತಿತ್ತು, ನಡುವಿನದ್ದು ಬಲಕ್ಕೆ. ಕಿಟಕಿ ಕಡೆ ತಿರುಗಿಸಿದರೆ ಎಲ್ಲ ಬೆಳ್ಳಗೆ. ಟೋಂಬೋದ ಚಿತ್ರದ ಗೋಡೆ ಆಗ ನೆನಪಾಯಿತು. ಡೈರಿ ತೆಗೆದು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ.

ಕಣಜವನ್ನು ಮತ್ತೆ ನೋಡಿದೆ. ಹೊರಗಿನಿಂದ ಕಾಣುವುದು ಲೆನ್ಸ್ ಮಾತ್ರ. ಆದರೆ ಹಗಲು ಹಾರುವ ಕೀಟಗಳಲ್ಲಿ ಒಂದೊಂದು ಸಣ್ಣ ಕಣ್ಣಿನ ಸುತ್ತಲೂ ಕಪ್ಪು ಬಣ್ಣ ತುಂಬಿದ ಜೀವಕೋಶಗಳ ಗೋಡೆ ಇರುತ್ತದೆ, ಪಕ್ಕದ ಬೆಳಕು ಒಳಗೆ ಬಾರದ ಹಾಗೆ. ರಾತ್ರಿ ಹಾರುವ ಪತಂಗಗಳು ಕತ್ತಲಾದಾಗ ಈ ಕಪ್ಪನ್ನು ಪಕ್ಕಕ್ಕೆ ಸರಿಸಿ, ಹಲವು ಲೆನ್ಸುಗಳ ಬೆಳಕನ್ನು ಒಂದೇ ಜಾಗಕ್ಕೆ ಸೇರಿಸಿಕೊಳ್ಳುತ್ತವೆ. ನಾನು ಗೊತ್ತಿಲ್ಲದೆ ಪತಂಗದ ಕಣ್ಣು ಮಾಡಿ, ಅದರಿಂದ ಕಣಜದ ಕೆಲಸ ಕೇಳುತ್ತಿದ್ದೆ.

ಸೆಪ್ಟೆಂಬರ್. ಸಣ್ಣ ತೂತಿನ ಹಾಳೆ

ಮೊದಲು ಪ್ರತಿ ಲೆನ್ಸಿನ ಮೇಲೆ 0.4 ಮಿಮೀ ಕಿಂಡಿ ಮಾತ್ರ ಬಿಟ್ಟು ಉಳಿದದ್ದನ್ನು ಕಪ್ಪು ಮಾಡಬೇಕು. ಓಎಚ್‌ಪಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಕ್‌ಜೆಟ್ಟಿನಲ್ಲಿ ಹೊಡೆದು ನೋಡಿದೆ, 40 ರೂ. ಬರಿಗಣ್ಣಿಗೆ ಕಪ್ಪು. ಟಾರ್ಚಿಗೆ ಹಿಡಿದರೆ ಕೆಂಪಗೆ ಸೋರುತ್ತದೆ, ಕಿಂಡಿಯ ಅಂಚು ಹಲ್ಲು ಹಲ್ಲು. ಓಣಂ ರಜೆ ಕಳೆದ ಮೇಲೆ ಮಂಗಳೂರಿಗೆ ಪಾರ್ಟ್ಸ್ ತರಲು ಹೋದಾಗ, ಸ್ಕ್ರೀನ್ ಪ್ರಿಂಟಿಂಗ್ ಮಾಡುವವರಲ್ಲಿ ಪ್ರೆಸ್ಸಿನ ಫಿಲ್ಮ್ ತೆಗೆಸಿದೆ. ಮದುವೆ ಕಾಗದಕ್ಕೆ ಬಳಸುತ್ತಿದ್ದ ಅದೇ ಫಿಲ್ಮ್. ಒಂದು ಹಾಳೆ 150 ರೂ., ಅದರಲ್ಲಿ ಇಪ್ಪತ್ತು ಸಲ ಅದೇ ಚಿತ್ರ ಹಾಕಿಸಿದೆ. ಇದು ನಿಜವಾದ ಕಪ್ಪು, ಕಿಂಡಿ ದುಂಡಗೆ.

ಚಿತ್ರ ತೀಕ್ಷ್ಣವಾಯಿತು. ಪಕ್ಕದ ಬೆಳಕು ಕಮ್ಮಿಯಾಯಿತು, ನಿಲ್ಲಲಿಲ್ಲ. ಕಿಂಡಿ ಎಷ್ಟು ಸಣ್ಣದಾದರೂ ಓರೆ ಬೆಳಕು ಓರೆಯಾಗಿಯೇ ಒಳಗೆ ಬರುತ್ತದಲ್ಲ. ಬೇಕಾದದ್ದು ದಪ್ಪದ ಗೋಡೆ. ಲೆಕ್ಕ ಹಾಕಿದೆ, ಈ ಸಲ ಮೊದಲೇ: 1.5 ಮಿಮೀ ದಪ್ಪದ ತಗಡು, ಅದರಲ್ಲಿ 1 ಮಿಮೀ ತೂತು. ಆಗ 25 ಡಿಗ್ರಿಗಿಂತ ಓರೆಯಾದ ಬೆಳಕು ಒಳಗೆ ಬರುವುದಿಲ್ಲ, ಪಕ್ಕದ ಕಣ್ಣಿನ ಜಾಗ ಮುಟ್ಟುವುದೂ ಇಲ್ಲ. ತೂತುಗಳ ನಡುವೆ ಗೋಡೆ ಅರ್ಧ ಮಿಲಿಮೀಟರ್.

ಅಕ್ಟೋಬರ್ 6. ಆಚಾರ್ರ ಅರಗು

ನನ್ನ ಕೈಯಲ್ಲಿ ಇದು ಆಗಲಿಲ್ಲ. ಪಿಸಿಬಿ ಡ್ರಿಲ್ಲಿನಲ್ಲಿ ಹಿತ್ತಾಳೆಗೆ ತೂತು ಹೊಡೆದರೆ ಪ್ರತಿ ಸಲ ಬಿಟ್ ಜಾರಿ ಪಕ್ಕಕ್ಕೆ ಹೋಯಿತು. ಪೇಟೆಯಲ್ಲೇ ಬಂಗಾರದ ಕೆಲಸದ ಆಚಾರ್ರೊಬ್ಬರು ಇದ್ದಾರೆ. ಅವರ ಫೋನ್ ನಾನೇ ನೋಡಿಕೊಳ್ಳುವುದು. ತಗಡು, ಗುಂಡು, ಹಳೆ ಲೆನ್ಸ್ ಎಲ್ಲ ತೆಗೆದುಕೊಂಡು ಹೋದೆ.

"ಎಂತ ಮಾರಾಯ ಇದು, ಯಾರ ಮೂಗುತಿಗೆ?" ಎಂದರು.

"ಮೂಗುತಿ ಅಲ್ಲ ಆಚಾರ್ರೇ, ಕಣ್ಣು. ಏಳು ತೂತು ಬೇಕು. ಒಂದರಿಂದ ಒಂದಕ್ಕೆ ಸರಿಯಾಗಿ ಒಂದೂವರೆ ಮಿಲಿಮೀಟರ್."

ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನನ್ನ ಲೆನ್ಸನ್ನು ಬಹಳ ಹೊತ್ತು ನೋಡಿದರು. ನಾನು ಪೇಪರಿನಲ್ಲಿ ಪ್ರಿಂಟ್ ತೆಗೆದು ತಂದಿದ್ದ ಗುರುತಿನ ಚಿತ್ರವನ್ನು ಪಕ್ಕಕ್ಕೆ ಇಟ್ಟರು. "ಇದೆಲ್ಲ ಬೇಡ. ಯಾವ ಗುಂಡಿನಿಂದ ಇದನ್ನು ಮಾಡಿದ್ದು? ಅದನ್ನೇ ಕೊಡು."

ಕೋಲಿನ ತುದಿಯ ಅರಗನ್ನು ದೀಪಕ್ಕೆ ಹಿಡಿದು ಮೆದು ಮಾಡಿದರು. ಏಳು ಗುಂಡುಗಳನ್ನು ಅದಕ್ಕೆ ಒತ್ತಿ ಹೂವಿನ ಹಾಗೆ ಕೂರಿಸಿದರು, ನಡುವೆ ಒಂದು, ಸುತ್ತ ಆರು. ಅರಗು ಗಟ್ಟಿಯಾದ ಮೇಲೆ ಅದನ್ನು ಹಿತ್ತಾಳೆಯ ಮೇಲೆ ಬೋರಲಾಗಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಒಂದೇ ಪೆಟ್ಟು. ತೆಗೆದಾಗ ತಗಡಿನಲ್ಲಿ ಏಳು ಸಣ್ಣ ಗುಳಿ. ಗುಂಡಿನ ಅಳತೆಯೇ ಗುಳಿಯ ಅಳತೆ, ಲೆನ್ಸಿನ ಅಳತೆಯೂ ಅದೇ. ಡ್ರಿಲ್ ಬಿಟ್ ತಾನಾಗಿ ಗುಳಿಗೆ ಇಳಿಯಿತು. ನಾನು ಎರಡು ವಾರ ಕಂಪ್ಯೂಟರಿನಲ್ಲಿ ಗುರುತು ಬರೆದು ಒದ್ದಾಡಿದ್ದನ್ನು ಅವರು ಅರ್ಧ ಗಂಟೆಯಲ್ಲಿ ಮುಗಿಸಿದರು.

ಮೊದಲ ತಗಡಿನಲ್ಲಿ ಐದನೇ ತೂತಿಗೆ ಗೋಡೆ ಒಡೆಯಿತು. ಎರಡನೆಯದರಲ್ಲಿ ಏಳೂ ಬಂದವು. 300 ರೂ. ಕೊಟ್ಟೆ, ತೆಗೆದುಕೊಳ್ಳಲು ಒಪ್ಪಿಸುವುದೇ ಕಷ್ಟವಾಯಿತು.

ಹಿತ್ತಾಳೆ ಹೊಳೆಯುತ್ತದೆ, ಒಳಮೈ ಕಪ್ಪಾಗಬೇಕು. ಸ್ಪ್ರೇ ಪೇಂಟ್ ತೂತುಗಳನ್ನೇ ಮುಚ್ಚಿತು. ಹರಳೆಣ್ಣೆ ದೀಪದ ಮೇಲೆ ಹಿಡಿದು ಕಾಡಿಗೆ ಹಿಡಿಸಿದೆ. ಅಷ್ಟು ಒಳ್ಳೆಯ ಕಪ್ಪು ಬೇರೆ ಯಾವುದೂ ಕೊಡಲಿಲ್ಲ. ಆದರೆ ಕೊಳವೆ ತಿರುಗಿಸುವಾಗ ಪುಡಿ ಉದುರಿ ಲೆನ್ಸ್ ಮೇಲೆ ಬಿತ್ತು, ಒಂದು ಲೆನ್ಸ್ ಹಾಳೆ ವ್ಯರ್ಥ. ಕೊನೆಗೆ ಅದೇ ಕಾಡಿಗೆಯನ್ನು ಎರಡು ಹನಿ ವಾರ್ನಿಷ್ ಮತ್ತು ಥಿನ್ನರಿನಲ್ಲಿ ಕಲಸಿ, ಟೂತ್‌ಬ್ರಷ್ಷಿನ ಒಂದೇ ಎಳೆಯಲ್ಲಿ ಒಂದೊಂದು ತೂತಿನ ಒಳಗೂ ಬಳಿದೆ. ಅದು ನಿಂತಿತು.

ತಗಡಿನ ಕೆಳಗೆ ಫಿಲ್ಮ್, ಅದರ ಕೆಳಗೆ ಲೆನ್ಸ್. ಮುಂದೆ ಹಳೆ ಲೆನ್ಸಿನಿಂದ ಬಿಡಿಸಿದ ಐಆರ್ ಫಿಲ್ಟರ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕು ತಡೆಯುವ ಗಾಜು), ಅದಿಲ್ಲದಿದ್ದರೆ ಚಿತ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸೆನ್ಸರ್ ಗಾಜಿನಿಂದ ಹಿತ್ತಾಳೆಯ ಮುಖದವರೆಗೆ ಎರಡೂವರೆ ಮಿಲಿಮೀಟರ್. ಕಿಟಕಿ ಕಡೆ ತಿರುಗಿಸಿದೆ. ಏಳು ಕಣ್ಣು, ಏಳು ಕಿಟಕಿ, ನಡುವೆ ಗಾಢ ಕಪ್ಪು. ಲೆನ್ಸ್ ಆಗಸ್ಟಿನ ಅಚ್ಚಿನದ್ದೇ, ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಗೋಡೆ ಮಾತ್ರ.

ಅಕ್ಟೋಬರ್ 20. ಅಡಿಕೆ ಬಟ್ಟಲಾಯಿತು

ಕೋಡ್ ಬರೆದದ್ದು ಪೈಥಾನ್ ಭಾಷೆಯಲ್ಲಿ, ಓಪನ್‌ಸಿವಿ ಎಂಬ ಚಿತ್ರ ವಿಶ್ಲೇಷಣೆಯ ಲೈಬ್ರರಿಯಿಂದ. ಏಳು ಚಿತ್ರ ಕತ್ತರಿಸಿ, ಎಡಗಣ್ಣಿನ ಒಂದು ತುಂಡು ಬಲಗಣ್ಣಿನ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಸರಿದಿದೆ ಎಂದು ಹುಡುಕುವುದು. ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಮ್ಮಿ. ಲೆನ್ಸುಗಳು ಕೂದಲಿನಷ್ಟು ಹೆಚ್ಚುಕಡಿಮೆ ಕೂತಿರುತ್ತವೆ, ಆದ್ದರಿಂದ ಸೊನ್ನೆ ಎಲ್ಲಿ ಎಂದು ಮೊದಲು ಗುರುತಿಸಬೇಕು. ಅದಕ್ಕೆ ತುಂಬ ದೂರದ ಒಂದು ಚುಕ್ಕಿ ಬೇಕು. ರಾತ್ರಿ ಮೊಬೈಲ್ ಟವರಿನ ಕೆಂಪು ದೀಪ ಹಿಡಿದೆ. ಅಷ್ಟು ದೂರಕ್ಕೆ ಫೋಕಸ್ ಇಲ್ಲ, ದೀಪ ಸಣ್ಣ ಬಿಲ್ಲೆಯಾಗಿ ಬರುತ್ತದೆ. ಬಿಲ್ಲೆಯ ನಡು ತೆಗೆದರೆ ಸಾಕು.

ಮೊದಲ ಪರೀಕ್ಷೆಗೆ ಒಂದು ಚಾಲಿ (ಒಣಗಿಸಿ ಸಿಪ್ಪೆ ಸುಲಿದ) ಅಡಿಕೆ ಇಟ್ಟೆ. ಸ್ಕ್ರೀನಿನಲ್ಲಿ ಅದು ಬಟ್ಟಲಿನ ಹಾಗೆ ಬಂತು. ನೆತ್ತಿ ದೂರ, ಮೇಜು ಹತ್ತಿರ. ಕೋಡನ್ನು ಮೂರು ರಾತ್ರಿ ತಿದ್ದಿದೆ, ತಪ್ಪು ಕೋಡಿನಲ್ಲಿ ಇರಲಿಲ್ಲ. ಲೆನ್ಸ್ ಯಾವಾಗಲೂ ಚಿತ್ರವನ್ನು ತಲೆಕೆಳಗಾಗಿ ಬೀಳಿಸುತ್ತದೆ. ಕ್ಯಾಮೆರಾ ಬೋರ್ಡ್ ಅದನ್ನು ತಿರುಗಿಸಿಯೇ ನಮಗೆ ಕೊಡುತ್ತದೆ. ಒಂದು ಲೆನ್ಸ್ ಇದ್ದರೆ ಅದು ಸರಿ. ಏಳಿದ್ದಾಗ ಇಡೀ ಹಾಳೆ ತಿರುಗುತ್ತದೆ: ಒಂದೊಂದು ಚಿತ್ರ ನೇರವಾಗುತ್ತದೆ, ಆದರೆ ಎಡಗಣ್ಣಿನ ಚಿತ್ರ ಬಲಕ್ಕೆ, ಬಲಗಣ್ಣಿನದ್ದು ಎಡಕ್ಕೆ ಹೋಗಿ ಕೂರುತ್ತದೆ. ನಾನು ಸ್ಕ್ರೀನಿನಲ್ಲಿ ಎಡಕ್ಕೆ ಕಂಡದ್ದನ್ನು ಎಡಗಣ್ಣು ಎಂದುಕೊಂಡಿದ್ದೆ. ಗೊತ್ತಾದದ್ದು ಹೇಗೆಂದರೆ, ಎಡಗಡೆಯ ತೂತನ್ನು ಬೆರಳಿನಿಂದ ಮುಚ್ಚಿದೆ, ಸ್ಕ್ರೀನಿನಲ್ಲಿ ಬಲಗಡೆ ಕತ್ತಲಾಯಿತು. ಕೋಡಿನಲ್ಲಿ ಒಂದು ಮೈನಸ್ ಚಿಹ್ನೆ ಹಾಕಿದೆ, ಅಡಿಕೆ ಮೇಲೆದ್ದಿತು.

ಆಮೇಲೆ ಗ್ರಾಫ್ ಹಾಳೆಯನ್ನು ಅಳೆದ ದೂರಗಳಲ್ಲಿ ಇಟ್ಟು ಓದಿದೆ. ನಡುವಿನ ಸಾಲಿನ ಎಡ ಮತ್ತು ಬಲ ಕಣ್ಣುಗಳ ನಡುವೆ 3 ಮಿಮೀ ಅಂತರ ಇದೆ. 50 ಮಿಮೀ ದೂರಕ್ಕೆ 66 ಪಿಕ್ಸೆಲ್, 60ಕ್ಕೆ 55, 100ಕ್ಕೆ 33, 200ಕ್ಕೆ ಹದಿನಾರೂವರೆ. 3300ನ್ನು ಪಿಕ್ಸೆಲ್ಲಿನಿಂದ ಭಾಗಿಸಿದರೆ ದೂರ ಮಿಲಿಮೀಟರಿನಲ್ಲಿ. ಬೆಂಚಿನ ಎದುರಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಇದರ ಮಿತಿಯೂ ಅದರಲ್ಲೇ ಕಾಣುತ್ತದೆ. 50 ಮಿಮೀಯಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ ಮುಕ್ಕಾಲು ಮಿಲಿಮೀಟರ್, 100ರಲ್ಲಿ 3, 200ರಲ್ಲಿ 12. ಒಂದು ಗೇಣಿನ ಒಳಗಿನ ಕೆಲಸಕ್ಕೆ ಮಾತ್ರ ಇದು.

ನವೆಂಬರ್ 3. ಅಪ್ಪನ ಗೋಣಿಯಿಂದ

ಮನೆಯಲ್ಲಿ ಉಳಿದಿದ್ದ ಹಳೆ ಚಾಲಿಯಿಂದ ಐದು ಅಡಿಕೆ ತೆಗೆದೆ. ಮೇಜು 70 ಮಿಮೀ ದೂರದಲ್ಲಿ. ಪ್ರತಿ ಅಡಿಕೆಯ ಎತ್ತರವನ್ನು ಮೊದಲು ಕ್ಯಾಮೆರಾದಲ್ಲಿ, ಆಮೇಲೆ ವರ್ನಿಯರಿನಲ್ಲಿ ಅಳೆದೆ. ಮೊದಲನೆಯದು ವರ್ನಿಯರಿನಲ್ಲಿ 22.4, ಕ್ಯಾಮೆರಾದಲ್ಲಿ 21.9. ಐದರಲ್ಲಿ ದೊಡ್ಡ ತಪ್ಪು 1.3 ಮಿಮೀ. ಚಾಲಿಯ ಮೈಮೇಲೆ ಬಲೆಯಂತೆ ಗೆರೆಗಳಿವೆ, ಅದರಿಂದ ತುಂಡು ಹೊಂದಿಸುವುದು ಸುಲಭವಾಗುತ್ತದೆ. ಬಿಳಿ ಕಾಗದ, ಫೋನಿನ ಹಿಂಬದಿ ಗಾಜು ಇಟ್ಟರೆ ಏನೂ ಬರುವುದಿಲ್ಲ, ಹಿಡಿಯಲು ಗುರುತೇ ಇಲ್ಲವಲ್ಲ. ಉಬ್ಬಿದ ಬ್ಯಾಟರಿಯ ಮೇಲೆ ಸಣ್ಣ ಚುಕ್ಕಿಯ ಸ್ಟಿಕರ್ ಹಾಕಿ ನೋಡಿದೆ, ಉಬ್ಬು ಚೆನ್ನಾಗಿ ಬಂತು. ಅಂಗಡಿಯಲ್ಲಿ ನನಗೆ ಉಪಯೋಗಕ್ಕೆ ಬರುವುದು ಅದು.

ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ಪಟೋರ ಗೊತ್ತಾಗ್ತದಾ ಇದರಲ್ಲಿ?" ಎಂದು ಕೇಳಿದರು. ಪಟೋರ ಎಂದರೆ ಒಡಕು ಬಿದ್ದ ಚಾಲಿ, ಅದಕ್ಕೆ ರೇಟು ಕಮ್ಮಿ. ಇಲ್ಲ ಎಂದೆ. ಆ ಒಡಕಿನ ಆಳ ನನ್ನ ಒಂದು ಪಿಕ್ಸೆಲ್ಲಿನ ಒಳಗೇ ಮುಗಿದುಹೋಗುತ್ತದೆ. ಅವರು ಒಂದು ಅಡಿಕೆ ಕೈಗೆ ತೆಗೆದುಕೊಂಡು ಹೆಬ್ಬೆರಳಿನಲ್ಲಿ ಒಮ್ಮೆ ಸವರಿ, "ಇದು ಪಟೋರ" ಎಂದು ಬೇರೆ ಇಟ್ಟರು. ಕ್ಯಾಮೆರಾ ಅದನ್ನು 23.1 ಮಿಮೀ ಎಂದು ತೋರಿಸುತ್ತಿತ್ತು.

ಖರ್ಚು

ಎರಡು ಬೋರ್ಡ್ 5,700. ಪೆನ್ 80, ಎರಡು ಅಳತೆಯ ಗುಂಡು 340, ಸಿಲಿಕೋನ್ 650, ರೆಸಿನ್ 350, ಕವರ್ ಸ್ಲಿಪ್ 120, ಓಎಚ್‌ಪಿ 40, ಫಿಲ್ಮ್ 150, ಆಚಾರ್ರಿಗೆ 300, ವಾರ್ನಿಷ್ ಥಿನ್ನರ್ 60. ಒಟ್ಟು 7,790 ರೂ. ಮೊದಲೇ ಆಳ ಅಳೆದು, 1.5 ಮಿಮೀ ಗುಂಡಿನಿಂದಲೇ ಶುರು ಮಾಡಿ, ಸೆನ್ಸರ್ ಗಾಜು ಮುಟ್ಟದೆ ಇದ್ದಿದ್ದರೆ 4,700ಕ್ಕೆ ಮುಗಿಯುತ್ತಿತ್ತು. ಲ್ಯಾಂಪ್, ಮೈಕ್ರೋಸ್ಕೋಪ್, ಹಾಟ್ ಏರ್ ಅಂಗಡಿಯವು, ಅವು ಲೆಕ್ಕದಲ್ಲಿ ಇಲ್ಲ.

ಬಾಕಿ ಇರುವುದು

ಮೇಲಿನ ಸಾಲಿನ ಎಡಗಣ್ಣಿನಲ್ಲಿ ಒಂದು ಗುಳ್ಳೆ ಉಳಿದಿದೆ. ಆಚಾರ್ರ ತಗಡಿನಲ್ಲಿ ಒಂದು ತೂತು ಸುಮಾರು 0.1 ಮಿಮೀ ಪಕ್ಕಕ್ಕಿದೆ. ಈಗ ಉಪಯೋಗಕ್ಕೆ ಬರುತ್ತಿರುವುದು ನಡುವಿನ ಮೂರು ಕಣ್ಣು ಮಾತ್ರ, ಉಳಿದ ನಾಲ್ಕನ್ನೂ ಸೇರಿಸುವ ಕೋಡ್ ಬರೆಯಬೇಕು. ಹೊಸ ಅಚ್ಚಿಗೆ ಗುಂಡುಗಳನ್ನು ಈ ಸಲ ಆಚಾರ್ರ ಹಾಗೆ ಅರಗಿನಲ್ಲೇ ಕೂರಿಸಿದ್ದೇನೆ, ಮೇಣಕ್ಕಿಂತ ಗಟ್ಟಿ ನಿಂತಿದೆ. ಅದರ ಮೇಲೆ ಸಿಲಿಕೋನ್ ಬಳಿದು ನಿನ್ನೆ ರಾತ್ರಿ ಮುಚ್ಚಿಟ್ಟಿದ್ದೇನೆ. ನಾಳೆ ಬಿಡಿಸಬೇಕು.